ಜಗತ್ತಿನ ಮಹಾನಗರಗಳಲ್ಲಿ ಹೋಟೆಲ್ ಊಟದ ಬೆಲೆ

ಮನೆಯಲ್ಲಿ ಒಲೆ ಹೊತ್ತಿಸದೆ, ದುಡ್ಡು ಕೊಟ್ಟು ಹೊರಗೆ ಉಣ್ಣುವುದಕ್ಕೆ ತಗಲುವ ಖರ್ಚು ಒಂದು ಮಹಾನಗರದಿಂದ ಇನ್ನೊಂದಕ್ಕೆ ಹಲವು ಪಟ್ಟು ಬದಲಾಗುತ್ತದೆ. ಅಕ್ಕಿ, ಗೋಧಿ, ಎಣ್ಣೆ, ಕೋಳಿಗಳ ಪೇಟೆ ಧಾರಣೆಯಲ್ಲಿ ಅಷ್ಟೊಂದು ಅಂತರವಿಲ್ಲ. ಅಂತರ ಇರುವುದು ಅವನ್ನು ಬೇಯಿಸುವವನ ಕೂಲಿಯಲ್ಲಿ, ಬಡಿಸುವ ಜಾಗದ ಬಾಡಿಗೆಯಲ್ಲಿ, ಬಿಲ್ಲಿನ ಮೇಲೆ ಸರ್ಕಾರ ಹಾಕುವ ತೆರಿಗೆಯಲ್ಲಿ. ತಳ್ಳುಗಾಡಿಯಿಂದ ಹಿಡಿದು ಮಿಶೆಲಿನ್ ನಕ್ಷತ್ರ ಪಡೆದ ಭೋಜನಶಾಲೆಯವರೆಗೆ ಎಲ್ಲವೂ ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಆದರೂ ಒಂದು ನಗರದ ದುಬಾರಿತನ ತಿಳಿಯಬೇಕಾದರೆ ಅಲ್ಲಿನ ಶ್ರೀಮಂತರ ರಾತ್ರಿಯೂಟವನ್ನಲ್ಲ, ಗುಮಾಸ್ತನೊಬ್ಬ ಮಧ್ಯಾಹ್ನ ಒಂದು ಗಂಟೆಗೆ ಏನು ತಿನ್ನುತ್ತಾನೆ ಎಂಬುದನ್ನು ನೋಡಬೇಕು. ಈ ಲೇಖನದ ಒತ್ತು ಅದರ ಮೇಲೆಯೇ. ಅಗ್ಗದ ಊಟ ಎಲ್ಲಿ ಸಿಕ್ಕಿದರೂ ಅದರ ಉಳಿದ ದುಡ್ಡನ್ನು ಬೇರೆ ಯಾರೋ ತೆತ್ತಿರುತ್ತಾರೆ: ಸರ್ಕಾರ, ಕಟ್ಟಡದ ಮಾಲೀಕ, ಅಡುಗೆ ಕೆಲಸದವನು, ಇಲ್ಲವೆ ಕುರ್ಚಿ ಬಿಟ್ಟುಕೊಟ್ಟು ನಿಂತೇ ತಿನ್ನುವ ಗಿರಾಕಿ.

ಹಿನ್ನೆಲೆ

ಹೊರಗೆ ಉಣ್ಣುವುದು ಮೊದಲು ಶೋಕಿಯಾಗಿರಲಿಲ್ಲ, ಬಡವರ ಅನಿವಾರ್ಯವಾಗಿತ್ತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೇ ನಗರದಲ್ಲಿ ಬೀದಿಗೆ ಮುಖಮಾಡಿದ ಹತ್ತಾರು ತಿಂಡಿ ಅಂಗಡಿಗಳು ಸಿಕ್ಕಿವೆ. ಕಲ್ಲುಗಾರೆಯ ಕಟ್ಟೆ, ಅದರೊಳಗೆ ಹುದುಗಿಸಿದ ದೊಡ್ಡ ಮಣ್ಣಿನ ಹಂಡೆಗಳು, ನಿಂತು ತಿನ್ನುವ ಜನ. ರೋಮಿನ ಬಹುಮಹಡಿ ವಠಾರಗಳ ಕೋಣೆಗಳಲ್ಲಿ ಅಡುಗೆಮನೆಯೇ ಇಲ್ಲದ್ದರಿಂದ ಕೂಲಿಕಾರರು ಬಿಸಿ ಊಟಕ್ಕೆ ಬೀದಿಗಿಳಿಯಬೇಕಿತ್ತು. ಸೋಂಗ್ ಅರಸರ ಕಾಲದ ಚೀನಾದಲ್ಲಿ ಕೈಫೆಂಗ್ ಮತ್ತು ಹಾಂಗ್‌ಝೌ ನಗರಗಳು ರಾತ್ರಿಯೆಲ್ಲ ತೆರೆದಿರುವ ತಿಂಡಿ ಅಂಗಡಿಗಳಿಗೆ ಹೆಸರಾಗಿದ್ದವು.

ಯುರೋಪಿನ ಛತ್ರ, ಹೆಂಡದಂಗಡಿಗಳಲ್ಲಿ ಬಹುಕಾಲ ನಡೆದದ್ದು ಒಂದೇ ಪಂಕ್ತಿ, ಒಂದೇ ಹೊತ್ತು, ಒಂದೇ ದರದ ಊಟ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಹೊಸ ಬಗೆಯ ಹೋಟೆಲುಗಳು ಈ ಪದ್ಧತಿಯನ್ನು ಮುರಿದವು. ಪ್ರತ್ಯೇಕ ಮೇಜು, ಬೇಕಾದ ಹೊತ್ತಿಗೆ ಊಟ, ಪ್ರತಿ ಪದಾರ್ಥದ ಎದುರು ಅದರ ದರ ಬರೆದ ಪಟ್ಟಿ ಬಂದವು. ಬೆಲೆಗಳನ್ನು ಹೋಲಿಸುವ ಮಾತು ಅರ್ಥಪೂರ್ಣವಾದದ್ದು ಆಮೇಲೆಯೇ.

ಅಳೆಯುವ ಬಗೆ

ದೋಸೆಗೂ ಪಿಜ್ಜಾಕ್ಕೂ ಹೋಲಿಕೆ ಹೇಗೆ? ಈ ತೊಡಕಿಗೆ ಲಂಡನ್ನಿನ 'ದಿ ಎಕನಾಮಿಸ್ಟ್' ವಾರಪತ್ರಿಕೆ 1986ರಲ್ಲಿ ಅರ್ಧ ತಮಾಷೆಯಾಗಿ ಒಂದು ಉತ್ತರ ಕೊಟ್ಟಿತು. ಎಲ್ಲ ದೇಶಗಳಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರುವ ಮ್ಯಾಕ್‌ಡೊನಾಲ್ಡ್ಸ್‌ನ ಬಿಗ್ ಮ್ಯಾಕ್ ಬರ್ಗರಿನ ದರಗಳನ್ನು ಎದುರುಬದುರು ಇಟ್ಟು ಯಾವ ನಾಣ್ಯ ತನ್ನ ಯೋಗ್ಯತೆಗಿಂತ ಅಗ್ಗ, ಯಾವುದು ದುಬಾರಿ ಎಂದು ಅದು ಲೆಕ್ಕ ಹಾಕಿತು. ತಮಾಷೆ ಈಗ ಪಠ್ಯಪುಸ್ತಕ ಸೇರಿದೆ. ಭಾರತದಲ್ಲಿ ದನದ ಮಾಂಸದ ಬರ್ಗರ್ ಇಲ್ಲದ್ದರಿಂದ ಕೋಳಿಯ ಮಹಾರಾಜ ಮ್ಯಾಕ್ ಲೆಕ್ಕಕ್ಕೆ ಬಂತು. ಈ ಸೂಚ್ಯಂಕದ ದೊಡ್ಡ ಕೊರತೆ ಇಷ್ಟು: ಅಮೆರಿಕದಲ್ಲಿ ಬಿಗ್ ಮ್ಯಾಕ್ ಅವಸರದ ಅಗ್ಗದ ಊಟ, ಭಾರತದಲ್ಲಿ ಬರ್ಗರ್ ತಿನ್ನಲು ಹೋಗುವವರು ಮಧ್ಯಮವರ್ಗದವರು. ಒಂದೇ ವಸ್ತುವಾದರೂ ಎರಡು ಊರಲ್ಲಿ ಅದರ ಅಂತಸ್ತು ಒಂದೇ ಅಲ್ಲ.

ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ಸ್ವಿಸ್ ಬ್ಯಾಂಕ್ ಯುಬಿಎಸ್ ಬಳಸಿತು. 1971ರಿಂದ ನಡೆಸಿಕೊಂಡು ಬಂದ ಬೆಲೆ–ಗಳಿಕೆ ಸಮೀಕ್ಷೆಯಲ್ಲಿ ಅದು ಕೇಳಿದ ಪ್ರಶ್ನೆ ಬೇರೆ: ಒಂದು ಬರ್ಗರಿನ ದುಡ್ಡು ಗಳಿಸಲು ಆ ಊರಿನ ಸಾಮಾನ್ಯ ನೌಕರ ಎಷ್ಟು ನಿಮಿಷ ದುಡಿಯಬೇಕು? 2015ರ ಸಮೀಕ್ಷೆಯಂತೆ ಹಾಂಗ್‌ಕಾಂಗ್‌ನಲ್ಲಿ ಹತ್ತು ನಿಮಿಷದೊಳಗೆ ಆಗುವ ಈ ಕೆಲಸಕ್ಕೆ ನೈರೋಬಿಯಲ್ಲಿ ಮೂರು ಗಂಟೆಯ ಹತ್ತಿರ ಬೇಕಿತ್ತು. ನೈರೋಬಿಯಲ್ಲಿ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಯೇ ಇಲ್ಲ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಯನ್ನು ಓದಬೇಕು. ಆದರೂ ಡಾಲರಿನ ಲೆಕ್ಕದಲ್ಲಿ ಅಗ್ಗವೆನಿಸುವ ನಗರ ತನ್ನ ಜನಕ್ಕೆ ದುಬಾರಿಯಾಗಿರಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಅಳತೆ ಇನ್ನೊಂದಿಲ್ಲ.

ಈಗ ಸುದ್ದಿಪತ್ರಿಕೆಗಳು ಹೆಚ್ಚಾಗಿ ಎತ್ತಿಕೊಳ್ಳುವುದು 2009ರಲ್ಲಿ ಆರಂಭವಾದ ನಂಬಿಯೊ ತಾಣದ ಪಟ್ಟಿಗಳನ್ನು. ಅಗ್ಗದ ಹೋಟೆಲಿನಲ್ಲಿ ಒಬ್ಬರ ಊಟ, ಮಧ್ಯಮ ದರ್ಜೆಯಲ್ಲಿ ಇಬ್ಬರಿಗೆ ಮೂರು ಸುತ್ತಿನ ಊಟ ಎಂಬ ಬಾಬತ್ತುಗಳಡಿ ಬಳಕೆದಾರರೇ ದರ ತುಂಬುತ್ತಾರೆ. ನ್ಯೂಯಾರ್ಕನ್ನು 100 ಎಂದಿಟ್ಟು ಉಳಿದವನ್ನು ತೂಗುತ್ತಾರೆ. ಇಲ್ಲಿ ಎಡವಟ್ಟಾಗುವುದು ಅಗ್ಗ ಎಂಬುದರ ಅರ್ಥದಲ್ಲೇ. ಬೆಂಗಳೂರಿನ ಸಾಫ್ಟ್‌ವೇರ್ ನೌಕರ ಅಗ್ಗ ಎಂದುಕೊಳ್ಳುವ ಹೋಟೆಲಿಗೂ ಆಟೋ ಚಾಲಕ ಅಗ್ಗ ಎಂದುಕೊಳ್ಳುವ ಹೋಟೆಲಿಗೂ ಅಜಗಜಾಂತರ. ಪಟ್ಟಿ ತುಂಬುವವರು ಬಹುಪಾಲು ಮೊದಲನೆಯವರು. ಎಕನಾಮಿಸ್ಟ್ ಬಳಗದ ಸಂಶೋಧನಾ ಘಟಕವೂ ನ್ಯೂಯಾರ್ಕನ್ನೇ ತಳಹದಿಯಾಗಿಟ್ಟುಕೊಂಡು ಜೀವನವೆಚ್ಚದ ಪಟ್ಟಿ ಮಾಡುತ್ತದೆ. ಅದು ಮೂಲತಃ ಕಂಪನಿಗಳು ಪರದೇಶಕ್ಕೆ ಕಳಿಸುವ ಅಧಿಕಾರಿಗಳ ಭತ್ಯೆ ನಿಗದಿಗೆಂದು ಹುಟ್ಟಿದ್ದು. 2023ರಲ್ಲಿ ಸಿಂಗಪುರ ಮತ್ತು ಜ್ಯೂರಿಕ್ ಅದರ ಮೊದಲ ಸ್ಥಾನ ಹಂಚಿಕೊಂಡವು. ಅದೇ ಸಿಂಗಪುರದಲ್ಲಿ ನಾಲ್ಕೈದು ಡಾಲರಿಗೆ ಹೊಟ್ಟೆತುಂಬ ಊಟ ಸಿಗುತ್ತದೆ ಎಂಬುದು ಅಂಥ ಪಟ್ಟಿಯಲ್ಲಿ ಕಾಣುವುದಿಲ್ಲ.

ಬೆಲೆಯ ಒಳಗೇನಿದೆ

ಹೋಟೆಲ್ ಉದ್ಯಮದಲ್ಲಿ ಬಾಯಿಮಾತಿನ ಲೆಕ್ಕವೊಂದಿದೆ. ನೂರು ರೂಪಾಯಿ ಬಿಲ್ಲಿನಲ್ಲಿ ಸುಮಾರು ಮೂವತ್ತು ದಿನಸಿಗೆ, ಮೂವತ್ತು ಸಂಬಳಕ್ಕೆ, ಹತ್ತರ ಆಸುಪಾಸು ಬಾಡಿಗೆಗೆ. ವಿದ್ಯುತ್ತು, ಗ್ಯಾಸು, ರಿಪೇರಿ, ಲೈಸೆನ್ಸು ಎಲ್ಲ ಕಳೆದು ಮಾಲೀಕನ ಕೈಯಲ್ಲಿ ಐದು ಉಳಿದರೆ ಪುಣ್ಯ. ಶ್ರೀಮಂತ ದೇಶಗಳ ಈ ಲೆಕ್ಕ ಎಲ್ಲ ಕಡೆ ಹೊಂದುವುದಿಲ್ಲ. ಕೂಲಿ ಕಡಿಮೆಯಿರುವ ಊರುಗಳಲ್ಲಿ ದಿನಸಿಯ ಪಾಲು ಏರುತ್ತದೆ, ಹಾಗಾಗಿ ಈರುಳ್ಳಿ ದರ ಏರಿದ ವಾರವೇ ಅಲ್ಲಿ ಈರುಳ್ಳಿ ದೋಸೆ ಮಾಯವಾಗುತ್ತದೆ. ಜ್ಯೂರಿಕ್‌ನಲ್ಲಿ ಈರುಳ್ಳಿ ದರ ಇಮ್ಮಡಿಯಾದರೂ ಮೆನುವಿಗೆ ಅದರ ಬಿಸಿ ತಟ್ಟದು.

ಬಡ ದೇಶಗಳಲ್ಲಿ ಊಟ ಅಗ್ಗವಾಗಿರುವುದೇಕೆ ಎಂಬುದಕ್ಕೆ ಬೇಲಾ ಬಲಾಸ್ಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ 1964ರಲ್ಲಿ ಬೇರೆ ಬೇರೆಯಾಗಿ ಕೊಟ್ಟ ವಿವರಣೆಯನ್ನು ಅರ್ಥಶಾಸ್ತ್ರಜ್ಞರು ಈಗಲೂ ಒಪ್ಪುತ್ತಾರೆ. ಕಾರು, ಯಂತ್ರ, ಔಷಧ ತಯಾರಿಸುವಲ್ಲಿ ಶ್ರೀಮಂತ ದೇಶದ ಕೆಲಸಗಾರ ಬಹಳ ಮುಂದಿರುವುದರಿಂದ ಅವನ ಸಂಬಳ ಹೆಚ್ಚು. ಆ ಸಂಬಳದ ಎದುರು ನಿಂತು ಅಡುಗೆಭಟ್ಟನನ್ನು ಉಳಿಸಿಕೊಳ್ಳಬೇಕಾದರೆ ಅವನಿಗೂ ಹೆಚ್ಚು ಕೊಡಲೇಬೇಕು, ಅವನು ಗಂಟೆಗೆ ಹುಯ್ಯುವ ದೋಸೆಗಳ ಸಂಖ್ಯೆ ಬೇರೆ ಊರಿನ ಭಟ್ಟನಷ್ಟೇ ಇದ್ದರೂ. ಕಾರನ್ನು ಅಗ್ಗದ ದೇಶದಿಂದ ತರಿಸಬಹುದು, ಬಿಸಿ ದೋಸೆಯನ್ನು ತರಿಸಲಾಗದು. ಜಿನೀವಾ ಪ್ರಾಂತ್ಯದ ಮತದಾರರು 2020ರಲ್ಲಿ ಗಂಟೆಗೆ 23 ಫ್ರಾಂಕ್ ಕನಿಷ್ಠ ಕೂಲಿಗೆ ಒಪ್ಪಿಗೆ ಕೊಟ್ಟರು. ಅಲ್ಲಿ ತಟ್ಟೆ ತೊಳೆಯುವವನಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಆ ಕೂಲಿಯಲ್ಲಿ ಏಳು ಫ್ರಾಂಕಿನ ಬರ್ಗರಿಗೆ ಇಪ್ಪತ್ತು ನಿಮಿಷದ ದುಡಿಮೆ ಸಾಕು. ಪ್ರವಾಸಿಗನಿಗೆ ಜಿನೀವಾ ಭಯಂಕರ ದುಬಾರಿ, ಅಲ್ಲಿ ದುಡಿಯುವವನಿಗೆ ಅಷ್ಟಿಲ್ಲ.

ಮೆನುವಿನ ದರವೇ ಬೇರೆ, ತೆರುವ ದುಡ್ಡೇ ಬೇರೆ

ಇಪ್ಪತ್ತರ ಒಂದು ತಿನಿಸನ್ನು ನಾಲ್ಕು ನಗರಗಳಲ್ಲಿ ತರಿಸಿಕೊಂಡೆವು ಎನ್ನೋಣ. ಪ್ಯಾರಿಸ್ಸಿನಲ್ಲಿ 20 ಯೂರೊ ಎಂದು ಬರೆದಿದ್ದರೆ ಕೊಡುವುದು 20 ಯೂರೊ. ತೆರಿಗೆ, ಸೇವಾ ಶುಲ್ಕ ಎರಡೂ ಒಳಗೇ ಇರಬೇಕೆಂಬುದು ಕಾನೂನು. ಲಂಡನ್ನಿನಲ್ಲಿ ಶೇ. 20ರ ವ್ಯಾಟ್ ಮೆನು ದರದಲ್ಲೇ ಅಡಗಿರುತ್ತದೆ, ಆದರೆ ಬಿಲ್ಲಿನ ಅಡಿಯಲ್ಲಿ ಸಾಮಾನ್ಯವಾಗಿ ಶೇ. 12.5 ಸೇವಾ ಶುಲ್ಕ ಸೇರಿ 22.50 ಪೌಂಡ್ ಆಗುತ್ತದೆ. ಐಚ್ಛಿಕ ಎಂದು ಬರೆದಿದ್ದರೂ ಬೇಡವೆನ್ನಲು ಗಟ್ಟಿ ಮನಸ್ಸು ಬೇಕು. ಸಿಂಗಪುರದ ಹವಾನಿಯಂತ್ರಿತ ಹೋಟೆಲುಗಳ ಮೆನುವಿನಲ್ಲಿ ದರದ ಮುಂದೆ ಎರಡು ಕೂಡು ಚಿಹ್ನೆ ಇರುತ್ತವೆ: ಮೊದಲು ಶೇ. 10 ಸೇವಾ ಶುಲ್ಕ, ಅದರ ಮೇಲೂ ಸೇರಿ 2024ರಿಂದ ಶೇ. 9 ಜಿಎಸ್‌ಟಿ. ಒಟ್ಟು 23.98 ಡಾಲರ್. ನ್ಯೂಯಾರ್ಕಿನಲ್ಲಿ ಶೇ. 8.875 ಮಾರಾಟ ತೆರಿಗೆ, ಜೊತೆಗೆ ಮೆನು ದರದ ಶೇ. 20ರಷ್ಟು ಟಿಪ್ಸು. ಇಪ್ಪತ್ತು ಡಾಲರ್ ಎಂದು ಕುಳಿತವನು 25.78 ಡಾಲರ್ ಕೊಟ್ಟು ಏಳುತ್ತಾನೆ. ತೆರಿಗೆಯನ್ನು ಎರಡರಿಂದ ಗುಣಿಸಿದರೆ ಮರ್ಯಾದೆಯ ಟಿಪ್ಸು ಎಷ್ಟೆಂದು ಸಿಗುತ್ತದೆ ಎಂಬುದು ಅಲ್ಲಿನವರ ಹಳೆಯ ಉಪಾಯ.

ಅಮೆರಿಕದ ಟಿಪ್ಸನ್ನು ಮೆಚ್ಚುಗೆಯ ಕಾಣಿಕೆ ಎಂದು ತಿಳಿದರೆ ತಪ್ಪಾಗುತ್ತದೆ. ಅದು ಸಂಬಳದ ಭಾಗ. ಟಿಪ್ಸು ಪಡೆಯುವ ನೌಕರನಿಗೆ ಮಾಲೀಕ ನಗದಾಗಿ ಕೊಡಬೇಕಾದ ಕೇಂದ್ರ ಕಾನೂನಿನ ಕನಿಷ್ಠ ಕೂಲಿ 1991ರಿಂದಲೂ ಗಂಟೆಗೆ 2.13 ಡಾಲರ್. ಉಳಿದದ್ದು ಗಿರಾಕಿಯ ಜೇಬಿನಿಂದ ಬರಬೇಕು, ಬಾರದಿದ್ದಾಗ ಮಾತ್ರ ಮಾಲೀಕ ತುಂಬಿಕೊಡಬೇಕು. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿ ಮಾಡಿವೆ. ಕ್ಯಾಲಿಫೋರ್ನಿಯಾದಲ್ಲಿ ಈ ಕಡಿತವೇ ಇಲ್ಲ. ಮಾಣಿಯ ಸಂಬಳವನ್ನು ಮೆನುವಿನಿಂದ ಹೊರಗಿಡುವ ಈ ಪದ್ಧತಿಯಿಂದ ಅಮೆರಿಕದ ದರಗಳು ಕಾಗದದ ಮೇಲೆ ಯುರೋಪಿಗಿಂತ ಅಗ್ಗವಾಗಿ ಕಾಣುತ್ತವೆ, ಹೋಲಿಕೆಯ ಪಟ್ಟಿಗಳು ಇಲ್ಲೇ ಮುಗ್ಗರಿಸುತ್ತವೆ. ಟೋಕಿಯೋದಲ್ಲಿ ಮೇಜಿನ ಮೇಲೆ ಟಿಪ್ಸು ಬಿಟ್ಟು ಬಂದರೆ ದುಡ್ಡು ಮರೆತಿರೆಂದು ಹಿಂದೆಯೇ ಓಡಿಬರುತ್ತಾರೆ. ಬ್ರಿಟನ್ನಿನಲ್ಲಿ ಸಂಗ್ರಹವಾದ ಟಿಪ್ಸನ್ನು ಪೂರ್ತಿ ನೌಕರರಿಗೇ ಹಂಚಬೇಕೆಂಬ ಕಾನೂನು 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಭಾರತದಲ್ಲಿ ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದಿಲ್ಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು.

ಕೂರುವುದಕ್ಕೂ ದರವಿದೆ. ಇಟಲಿಯಲ್ಲಿ ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಯೂರೊ ಚಿಲ್ಲರೆಗೆ ಸಿಗುವ ಎಸ್ಪ್ರೆಸೊ ಕಾಫಿ, ಮೇಜಿಗೆ ತರಿಸಿಕೊಂಡರೆ ಎರಡು–ಮೂರು ಪಟ್ಟು ಆಗಬಹುದು. ವೆನಿಸ್ಸಿನ ಸಂತ ಮಾರ್ಕನ ಚೌಕದಲ್ಲಿ ವಾದ್ಯಗೋಷ್ಠಿ ನಡೆಯುತ್ತಿದ್ದರೆ ಸಂಗೀತಕ್ಕೂ ಬಿಲ್ಲು. ನಮ್ಮಲ್ಲಿ ಎ.ಸಿ. ಹಾಲಿಗೆ ಬೇರೆ ದರ ಇಡುವ ಲೆಕ್ಕಾಚಾರವೂ ಇದೇ. ಟೋಕಿಯೋದ ಸಂಜೆಯ ಪಾನಗೃಹಗಳಲ್ಲಿ ಕೇಳದೆಯೇ ಒಂದು ಪುಟ್ಟ ಬಟ್ಟಲು ತಿನಿಸು ತಂದಿಡುತ್ತಾರೆ, ಅದು ಪುಕ್ಕಟೆಯಲ್ಲ, ಜಾಗದ ಬಾಡಿಗೆ ಆ ರೂಪದಲ್ಲಿ ಬಿಲ್ಲಿಗೆ ಬರುತ್ತದೆ. ಸಿಡ್ನಿಯಲ್ಲಿ ಭಾನುವಾರ, ಹಬ್ಬದ ದಿನ ಶೇ. 10–15 ಹೆಚ್ಚುವರಿ ಹಾಕುವ ಹೋಟೆಲುಗಳು ಬಹಳ, ಏಕೆಂದರೆ ರಜಾದಿನದ ಕೂಲಿ ಅಲ್ಲಿ ಕಾನೂನಿನಿಂದಲೇ ಹೆಚ್ಚು. ಇನ್ನು ನೀರು. ಪ್ಯಾರಿಸ್ಸಿನಲ್ಲಿ ಹೂಜಿ ನೀರು ಕೇಳಿದರೆ ಬಿಟ್ಟಿ ಕೊಡಬೇಕು, ಜರ್ಮನಿಯಲ್ಲಿ ಬಾಟಲಿ ನೀರಿಗೆ ದುಡ್ಡು ತೆರುವುದೇ ವಾಡಿಕೆ. ಕೂತ ಕೂಡಲೆ ಲೋಟ ನೀರು ತಂದಿಡುವ ಉಡುಪಿ ಹೋಟೆಲಿನ ರೂಢಿಯಲ್ಲಿ ಬೆಳೆದವರಿಗೆ ಬರ್ಲಿನ್ನಿನ ಬಿಲ್ಲಿನಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ಈ ಬಾಬತ್ತೇ.

ತೆರಿಗೆಯ ವಿಚಿತ್ರಗಳು ಒಂದೆರಡಲ್ಲ. ಜಪಾನಿನಲ್ಲಿ 2019ರಿಂದ ಕೂತು ತಿಂದರೆ ಶೇ. 10, ಪಾರ್ಸೆಲ್ ಒಯ್ದರೆ ಶೇ. 8. ಸ್ವಿಟ್ಜರ್ಲೆಂಡಿನಲ್ಲಿ ಇದೇ ಅಂತರ 8.1 ಮತ್ತು 2.6. ಬ್ರಿಟನ್ನಿನಲ್ಲಿ ಒಯ್ಯುವ ತಣ್ಣಗಿನ ಸ್ಯಾಂಡ್‌ವಿಚ್ಚಿಗೆ ತೆರಿಗೆಯಿಲ್ಲ, ಬಿಸಿ ಮಾಡಿಕೊಟ್ಟರೆ ಶೇ. 20, 2012ರಲ್ಲಿ ಬಿಸಿ ಪೇಸ್ಟಿ ಕಡುಬಿಗೆ ವ್ಯಾಟ್ ಹಾಕಲು ಹೊರಟ ಸರ್ಕಾರ ಜನರ ಗಲಾಟೆಗೆ ಹೆದರಿ ಹಿಂದೆಗೆಯಿತು. ತೆರಿಗೆ ಇಳಿಸಿದರೆ ಊಟ ಅಗ್ಗವಾಗುತ್ತದೆಯೇ? ಫ್ರಾನ್ಸ್ 2009ರ ಜುಲೈಯಲ್ಲಿ ಹೋಟೆಲ್ ಊಟದ ತೆರಿಗೆಯನ್ನು ಶೇ. 19.6ರಿಂದ 5.5ಕ್ಕೆ ಇಳಿಸಿತು. ಮೆನುವಿನ ದರಗಳು ಇಳಿದದ್ದು ಅಲ್ಪ, ಲಾಭದ ದೊಡ್ಡ ಪಾಲು ಹೋಟೆಲ್ ಮಾಲೀಕರಿಗೆ ಹೋಯಿತು. ತೆರಿಗೆ ಆಮೇಲೆ 7ಕ್ಕೂ 2014ರಲ್ಲಿ 10ಕ್ಕೂ ಏರಿತು. ಭಾರತದಲ್ಲಿ 2017ರ ನವೆಂಬರಿನಲ್ಲಿ ಶೇ. 18ರ ಜಿಎಸ್‌ಟಿ 5ಕ್ಕೆ ಇಳಿದಾಗ, ಖರೀದಿಗೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯವೂ ಹೋಯಿತೆಂದು ಹಲವು ಹೋಟೆಲುಗಳು ಮೂಲ ದರವನ್ನೇ ಏರಿಸಿದವು.

ಟೋಕಿಯೋ: ದುಬಾರಿಯಿಂದ ಅಗ್ಗಕ್ಕೆ

1980ರ ದಶಕದಲ್ಲಿ ದುಬಾರಿ ನಗರ ಎಂದರೆ ಟೋಕಿಯೋ ಎನ್ನುವಂತಿತ್ತು. ಈಗ ಶ್ರೀಮಂತ ದೇಶಗಳ ರಾಜಧಾನಿಗಳಲ್ಲಿ ಮಧ್ಯಾಹ್ನದ ಊಟ ಅತಿ ಅಗ್ಗವಾಗಿ ಸಿಗುವ ಊರುಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಟೋಕಿಯೋ ಅಷ್ಟಾಗಿ ಬದಲಾಗಲಿಲ್ಲ. ಸುತ್ತಲಿನ ಜಗತ್ತಿನ ಬೆಲೆ ಏರಿತು, ಅಲ್ಲಿಯದು ನಿಂತಲ್ಲೇ ನಿಂತಿತು. 1990ರ ದಶಕದ ಆರಂಭದಲ್ಲಿ ಆಸ್ತಿ ಮತ್ತು ಷೇರು ಗುಳ್ಳೆ ಒಡೆದ ಮೇಲೆ ಜಪಾನಿನಲ್ಲಿ ಬೆಲೆ ಇಳಿಕೆಯೇ ರೂಢಿಯಾಯಿತು. ನಿಹೋನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ 1899ರಲ್ಲಿ ಹುಟ್ಟಿದ ಯೋಶಿನೋಯಾ, ಅನ್ನದ ಮೇಲೆ ದನದ ಮಾಂಸ ಹಾಕಿಕೊಡುವ ತನ್ನ ಬಟ್ಟಲಿನ ದರವನ್ನು 2001ರಲ್ಲಿ 400 ಯೆನ್‌ನಿಂದ 280ಕ್ಕೆ ಇಳಿಸಿತು. ಮರುವರ್ಷ ಮ್ಯಾಕ್‌ಡೊನಾಲ್ಡ್ಸ್ ಸಾದಾ ಬರ್ಗರನ್ನು 59 ಯೆನ್‌ಗೆ ಮಾರಿತು. ರಾಮೆನ್ ಅಂಗಡಿಯವರಿಗೆ ಸಾವಿರ ಯೆನ್ ಒಂದು ಗೋಡೆಯಾಯಿತು. ಆ ದರ ದಾಟಿದರೆ ಗಿರಾಕಿ ಬರುವುದಿಲ್ಲ ಎಂಬ ಭಯ ಇತ್ತೀಚಿನವರೆಗೂ ಇತ್ತು.

ಇಂಥ ಅಂಗಡಿಯೊಂದನ್ನು ಹತ್ತಿರದಿಂದ ನೋಡಿದರೆ ಅಗ್ಗದ ಗುಟ್ಟು ತಿಳಿಯುತ್ತದೆ. ಬಾಗಿಲಲ್ಲೇ ಚೀಟಿ ಕೊಡುವ ಯಂತ್ರ; ದುಡ್ಡು ತುಂಬಿ ಗುಂಡಿ ಒತ್ತಿದರೆ ಚೀಟಿ ಬೀಳುತ್ತದೆ, ಗಲ್ಲಾದಲ್ಲಿ ಕೂರಲು ಆಳು ಬೇಡ. ಒಳಗೆ ಅಡುಗೆ ಕಟ್ಟೆಯ ಸುತ್ತ ಹತ್ತು–ಹನ್ನೆರಡು ಸ್ಟೂಲುಗಳು, ಎದ್ದರೆ ಹಿಂದಿನ ಗೋಡೆಗೆ ಬೆನ್ನು ತಾಗುವಷ್ಟು ಇಕ್ಕಟ್ಟು. ಒಬ್ಬಿಬ್ಬರೇ ಬೇಯಿಸಿ ಬಡಿಸುತ್ತಾರೆ. ನೀರು ತಾನೇ ಬಗ್ಗಿಸಿಕೊಳ್ಳಬೇಕು. ತಿಂದವನು ಬಟ್ಟಲನ್ನು ಕಟ್ಟೆಯ ಮೇಲೆತ್ತಿಟ್ಟು, ಬಟ್ಟೆಯಿಂದ ತನ್ನ ಜಾಗ ಒರೆಸಿ ಹೊರಡುತ್ತಾನೆ. ಮಾತಿಗೆ ಜಾಗವಿಲ್ಲ, ಹದಿನೈದು ನಿಮಿಷಕ್ಕೊಬ್ಬರಂತೆ ಸ್ಟೂಲು ತಿರುಗುತ್ತಿರಬೇಕು. ಬಾಡಿಗೆ ಎಷ್ಟೇ ಇದ್ದರೂ ಇಷ್ಟು ಜನಕ್ಕೆ ಹಂಚಿದರೆ ತಲೆಗೆ ಬೀಳುವುದು ಕಡಿಮೆ.

2022ರಿಂದ ಯೆನ್ ಕುಸಿದು 2024ರಲ್ಲಿ ಡಾಲರಿಗೆ 160 ದಾಟಿದಾಗ ಹೊರಗಿನವರಿಗೆ ಟೋಕಿಯೋ ಇನ್ನೂ ಅಗ್ಗವಾಯಿತು. ಜಪಾನೀಯರಿಗೆ ಮಾತ್ರ ಆಮದಿನ ಗೋಧಿ, ಎಣ್ಣೆ, ಮಾಂಸದ ಜೊತೆಗೆ ಊರಿನ ಅಕ್ಕಿಯೂ ದುಬಾರಿಯಾಯಿತು. ಅಗ್ಗದ ಊಟದ ಹಿಂದೆ ಮೂವತ್ತು ವರ್ಷ ಏರದೆ ನಿಂತ ಸಂಬಳ ಇದೆ ಎಂಬುದನ್ನು ಪ್ರವಾಸಿಗರು ಹೊಗಳುವಾಗ ಮರೆಯುತ್ತಾರೆ. ಇದೇ ನಗರದಲ್ಲಿ ಮಿಶೆಲಿನ್ ನಕ್ಷತ್ರದ ಹೋಟೆಲುಗಳು ಜಗತ್ತಿನ ಬೇರೆಲ್ಲ ನಗರಗಳಿಗಿಂತ ಹೆಚ್ಚಿವೆ.

ಸಿಂಗಪುರ: ಸರ್ಕಾರ ಕಟ್ಟಿದ ಅಗ್ಗ

ಸಿಂಗಪುರದ್ದು ಯೋಜನೆ ಹಾಕಿ ಕಟ್ಟಿದ ಅಗ್ಗ. ಬೀದಿಯಲ್ಲಿ ಬೇಯಿಸಿ ಮಾರುತ್ತಿದ್ದವರನ್ನು 1968–69ರಲ್ಲಿ ಸರ್ಕಾರ ನೋಂದಾಯಿಸಿ, 1970ರ ದಶಕದ ಮೊದಲಿನಿಂದ 1980ರ ದಶಕದ ನಡುವಿನವರೆಗೆ ನಲ್ಲಿ, ಚರಂಡಿ, ವಿದ್ಯುತ್ತು ಇರುವ ಹಾಕರ್ ಕೇಂದ್ರಗಳಿಗೆ ಸ್ಥಳಾಂತರಿಸಿತು. ಈಗ ಅಂಥವು ನೂರಕ್ಕೂ ಹೆಚ್ಚಿವೆ. ಮೇಲೆ ಚಾವಣಿ, ಫ್ಯಾನು. ಸುತ್ತ ಪುಟ್ಟ ಮಳಿಗೆಗಳು. ನಡುವೆ ನೆಲಕ್ಕೆ ಬಿಗಿದ ಮೇಜುಗಳು. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟಿದ್ದರೆ ಆ ಜಾಗ ಹಿಡಿದಾಗಿದೆ ಎಂದರ್ಥ. ಇಲ್ಲಿ ಸೇವಾ ಶುಲ್ಕವಿಲ್ಲ, ಬಡಿಸುವವರಿಲ್ಲ. ಒಂದು ಮಳಿಗೆಯಲ್ಲಿ ಹೈನಾನ್ ಕೋಳಿ ಅನ್ನ, ಪಕ್ಕದಲ್ಲಿ ಮಲಯ್ ನಾಸಿ, ಎದುರಿಗೆ ತಮಿಳರ ಪರೋಟ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

2016ರಲ್ಲಿ ಚೈನಾಟೌನಿನ ಹಾಕರ್ ಮಳಿಗೆಯೊಂದಕ್ಕೆ ಮಿಶೆಲಿನ್ ನಕ್ಷತ್ರ ಸಿಕ್ಕಿತು. ಎರಡು ಡಾಲರಿನ ಸುಮಾರಿಗೆ ಸೋಯಾ ಸಾಸಿನ ಕೋಳಿ ಮಾರುತ್ತಿದ್ದ ಚಾನ್ ಹೊನ್ ಮೆಂಗ್ ಜಗತ್ತಿನ ಅತಿ ಅಗ್ಗದ ನಕ್ಷತ್ರದ ಊಟ ಹಾಕಿದವರೆಂದು ಸುದ್ದಿಯಾದರು. ಹೂಡಿಕೆದಾರರು ಬಂದರು, ಶಾಖೆಗಳು ತೆರೆದವು, 2021ರಲ್ಲಿ ನಕ್ಷತ್ರ ಹೋಯಿತು.

ಅಗ್ಗದ ಬೆಲೆಯ ಬುಡ ಇರುವುದು ಬಾಡಿಗೆಯಲ್ಲಿ. ಮೊದಲ ತಲೆಮಾರಿನ ಹಾಕರ್‌ಗಳಿಗೆ ಸರ್ಕಾರ ಕೊಟ್ಟದ್ದು ರಿಯಾಯಿತಿ ಬಾಡಿಗೆ. ಹೊಸಬರು ಹರಾಜಿನಲ್ಲಿ ಕೂಗಬೇಕು. 2024ರಲ್ಲಿ ಒಂದು ಮಳಿಗೆಯ ಕೂಗು ತಿಂಗಳಿಗೆ 10,000 ಡಾಲರ್ ದಾಟಿತು. ಹಾಕರ್‌ಗಳ ಮಧ್ಯಾಂಕ ವಯಸ್ಸು 60ರ ಆಸುಪಾಸಿನಲ್ಲಿದೆ. ನಸುಕಿನಲ್ಲೆದ್ದು ಸಾರು ಕುದಿಸಲು ಮಕ್ಕಳು ಒಲ್ಲರು. ಬಟ್ಟಲು ನೂಡಲ್ಸ್ ಐವತ್ತು ಸೆಂಟ್ ಏರಿದರೂ ಗಿರಾಕಿಗಳು ಗೊಣಗುತ್ತಾರೆ, ಅವರೇ ಎ.ಸಿ. ಮಾಲಿನಲ್ಲಿ ಜಪಾನೀ ನೂಡಲ್ಸಿಗೆ ನಾಲ್ಕು ಪಟ್ಟು ಕೊಟ್ಟು ಸುಮ್ಮನೆ ಬರುತ್ತಾರೆ. ಸರ್ಕಾರ ಹೊತ್ತದ್ದು ಅರ್ಧ ಭಾರವಾದರೆ ಉಳಿದರ್ಧ ಆ ಮುದುಕರ ಬೆನ್ನ ಮೇಲಿದೆ.

ನ್ಯೂಯಾರ್ಕ್: ಪಿಜ್ಜಾ ಮತ್ತು ರೈಲು ಟಿಕೆಟ್ಟು

ಒಂದು ತುಂಡು ಸಾದಾ ಪಿಜ್ಜಾ ಮತ್ತು ಸುರಂಗ ರೈಲಿನ ಟಿಕೆಟ್ಟು ಯಾವಾಗಲೂ ಹೆಚ್ಚುಕಮ್ಮಿ ಒಂದೇ ದರದಲ್ಲಿರುತ್ತವೆ ಎಂದು ಎರಿಕ್ ಬ್ರಾಮ್ ಎಂಬವರು 1980ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದರು. ಚೀಸಿಗೂ ರೈಲಿಗೂ ಎತ್ತಣ ಸಂಬಂಧ? ಆದರೂ ದಶಕಗಳ ಕಾಲ ಎರಡೂ ಜೊತೆಜೊತೆಗೇ ಏರಿದವು, ಪಿಜ್ಜಾ ಏರಿದ ಕೂಡಲೆ ಟಿಕೆಟ್ಟು ಏರುತ್ತದೆಂದು ಜನ ಭವಿಷ್ಯ ಹೇಳತೊಡಗಿದರು. 2008ರ ಆರ್ಥಿಕ ಹಿಂಜರಿತದ ಬಳಿಕ ಡಾಲರಿಗೊಂದು ತುಂಡು ಮಾರುವ ಅಂಗಡಿಗಳು ಹಬ್ಬಿ ಈ ಸೂತ್ರವನ್ನು ಕೆಡಿಸಿದವು. ಕೊರೋನಾ ನಂತರ ಅವುಗಳಲ್ಲಿ ಹೆಚ್ಚಿನವುಗಳಲ್ಲೂ ಒಂದು ಡಾಲರಿನ ದರ ಉಳಿಯಲಿಲ್ಲ.

ಇದಕ್ಕೂ ಹಿಂದೆ ಈ ಊರಿನ ಬಡ ಗುಮಾಸ್ತರನ್ನು ಸಾಕಿದ್ದು ಹಾರ್ನ್ ಆ್ಯಂಡ್ ಹಾರ್ಡಾರ್ಟ್ ಕಂಪನಿಯ ಸ್ವಯಂಚಾಲಿತ ಹೋಟೆಲುಗಳು. 1912ರಲ್ಲಿ ಟೈಮ್ಸ್ ಚೌಕದಲ್ಲಿ ಮೊದಲನೆಯದು ತೆರೆಯಿತು. ಗೋಡೆಯ ತುಂಬ ಗಾಜಿನ ಪುಟ್ಟ ಬಾಗಿಲುಗಳು. ಐದು ಸೆಂಟಿನ ನಾಣ್ಯ ತೂರಿಸಿ ಹಿಡಿ ತಿರುಗಿಸಿದರೆ ಒಳಗಿನ ಕಡುಬು ನಿಮ್ಮದು. ಮಾಣಿ ಇಲ್ಲ, ಟಿಪ್ಸೂ ಇಲ್ಲ. ಕಾಫಿ 1950ರವರೆಗೂ ಐದೇ ಸೆಂಟು. ನಷ್ಟ ತಾಳಲಾರದೆ ಅದನ್ನು ಹತ್ತು ಸೆಂಟಿಗೆ ಏರಿಸಿದ ಮೇಲೆ ಗಿರಾಕಿಗಳು ಕರಗಿದರು. ಕೊನೆಯದು 1991ರಲ್ಲಿ ಮುಚ್ಚಿತು. ಇಂದು ಅಮೆರಿಕನ್ನರು ಆಹಾರಕ್ಕೆ ಮಾಡುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನ ತಿನಿಸಿಗೇ ಹೋಗುತ್ತದೆ.

ಇತರ ನಗರಗಳು

ಪ್ಯಾರಿಸ್ಸಿನಲ್ಲಿ ಕಡಿಮೆ ದರದ ಊಟಕ್ಕೆ ಬುಯೋ ಎಂಬ ಹಳೆಯ ಬಗೆಯ ಭೋಜನಶಾಲೆಗಳಿವೆ. 19ನೆಯ ಶತಮಾನದ ನಡುವೆ ಡ್ಯುವಾಲ್ ಎಂಬ ಕಟುಕ ಮಾರುಕಟ್ಟೆಯ ಕೂಲಿಗಳಿಗೆ ಮಾಂಸದ ಸಾರು ಮಾರಿ ಇವನ್ನು ಆರಂಭಿಸಿದ. 1896ರ ಶಾರ್ತಿಯೇ ಎಂಬ ಬುಯೋ ಈಗಲೂ ನಡೆಯುತ್ತಿದೆ. ಅಲ್ಲಿ ಮಾಣಿ ನಿಮ್ಮ ಆರ್ಡರನ್ನು ಮೇಜಿನ ಮೇಲೆ ಹಾಸಿದ ಕಾಗದದ ಮೇಲೆಯೇ ಗೀಚಿ, ಅಲ್ಲೇ ಕೂಡಿಸಿ ಬಿಲ್ಲು ಮಾಡುತ್ತಾನೆ. ಫ್ರಾನ್ಸಿನಲ್ಲಿ 1967ರಿಂದ ಊಟದ ಕೂಪನ್ ಪದ್ಧತಿಯಿದ್ದು, ಅದರ ಬೆಲೆಯ ಅರ್ಧಕ್ಕೂ ಹೆಚ್ಚನ್ನು ಕಂಪನಿಯೇ ಭರಿಸಬಹುದು. ಬ್ರೆಜಿಲ್ 1976ರಿಂದ ಇಂಥದೇ ಯೋಜನೆ ನಡೆಸಿದೆ. ಸಾವೊ ಪಾಲೊದ ಕಚೇರಿ ನೌಕರರು ಮಧ್ಯಾಹ್ನ ತಟ್ಟೆಗೆ ಬೇಕಾದ್ದು ಬಡಿಸಿಕೊಂಡು ತಕ್ಕಡಿಯ ಮೇಲಿಟ್ಟು ತೂಕದ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಮ್ಯಾಡ್ರಿಡ್ಡಿನಲ್ಲಿ ಎರಡು ಬಗೆ, ಬ್ರೆಡ್ಡು, ಪಾನೀಯ, ಸಿಹಿ ಸೇರಿದ ದಿನದ ಊಟ ಒಂದೇ ದರಕ್ಕೆ ಸಿಗುತ್ತದೆ. 1960ರ ದಶಕದಲ್ಲಿ ಪ್ರವಾಸಿಗರಿಗೆಂದು ಫ್ರಾಂಕೊ ಸರ್ಕಾರ ಕಡ್ಡಾಯ ಮಾಡಿದ ಥಾಲಿ ಊರವರ ಊಟವಾಯಿತು. ವಾರ್ಸಾದಲ್ಲಿ 1896ರಷ್ಟು ಹಳೆಯ 'ಹಾಲಿನ ಹೋಟೆಲು' ಎಂಬ ಅಗ್ಗದ ಊಟದ ಮನೆಗಳ ಪರಂಪರೆ ಇದೆ. ಕಮ್ಯುನಿಸ್ಟರು ಹೋದರೂ ಅವಕ್ಕೆ ಸಿಗುವ ಸಹಾಯಧನ ನಿಂತಿಲ್ಲ.

ಬರ್ಲಿನ್ನಿನಲ್ಲಿ ಟರ್ಕಿ ಮೂಲದವರ ಡೋನರ್ ಕಬಾಬಿನ ದರವೇ ರಾಜಕೀಯವಾಯಿತು. ನಾಲ್ಕು ಯೂರೊದ ಆಸುಪಾಸಿನಲ್ಲಿದ್ದದ್ದು ಏಳಕ್ಕೇರಿದಾಗ, 2024ರಲ್ಲಿ ಎಡಪಕ್ಷವೊಂದು 4.90 ಯೂರೊ ಗರಿಷ್ಠ ದರ ಕಟ್ಟಬೇಕೆಂದು ಬೇಡಿಕೆಯಿಟ್ಟಿತು. ಸೋಲ್‌ನಲ್ಲಿ ಜನ ಕಣ್ಣಿಡುವುದು ಕಪ್ಪು ಸಾಸಿನ ಜಜಂಗ್‌ಮ್ಯೋನ್ ನೂಡಲ್ಸಿನ ಮೇಲೆ. 2023ರಲ್ಲಿ ಅದರ ಸರಾಸರಿ 7,000 ವಾನ್ ದಾಟಿದ್ದು ದೊಡ್ಡ ಸುದ್ದಿ. ಹಣದುಬ್ಬರ 2022ರ ಅಕ್ಟೋಬರಿನಲ್ಲಿ ಶೇ. 85 ಮುಟ್ಟಿದ ಟರ್ಕಿಯಲ್ಲಿ, 2023ರಲ್ಲಿ ಶೇ. 200 ಮೀರಿದ ಅರ್ಜೆಂಟೀನಾದಲ್ಲಿ ಮುದ್ರಿತ ಮೆನುವಿಗೆ ಅರ್ಥವೇ ಉಳಿಯಲಿಲ್ಲ. ಅಂಥ ಊರುಗಳ ಬೆಲೆಯನ್ನು ಯಾವ ಪಟ್ಟಿಯಲ್ಲಿ ಓದಿದರೂ ಅದು ಹಳತೇ. ದುಬೈಯಲ್ಲಿ ಕರಾಮ, ಬರ್ ದುಬೈಗಳ ಉಡುಪಿ ಹೋಟೆಲುಗಳು ಕರಾವಳಿಯಿಂದ ಹೋದ ನೌಕರರ ಹೊಟ್ಟೆ ತುಂಬಿಸುತ್ತವೆ. ಅದೇ ಊರಿನ ಗಗನಚುಂಬಿಗಳಲ್ಲಿ ಒಂದು ಊಟದ ಬಿಲ್ಲು ಅವರ ತಿಂಗಳ ಮೆಸ್ಸಿನ ಖರ್ಚನ್ನು ಮೀರಬಹುದು.

ಮುಂಬಯಿಯ ಮಾಟುಂಗಾ ಉಡುಪಿ ಹೋಟೆಲುಗಳ ತವರು. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಊಟಕ್ಕೆ ಸಾಲು ನಿಲ್ಲುತ್ತದೆ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಹೋದ ಹುಡುಗರು ತಟ್ಟೆ ತೊಳೆದು, ಮಾಣಿಗಳಾಗಿ, ಗಲ್ಲಾದಲ್ಲಿ ಕೂತು, ಕೊನೆಗೆ ಸ್ವಂತ ಹೋಟೆಲು ಇಟ್ಟ ಕಥೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಹೇಳಬೇಕಾದ್ದು ಬಾಡಿಗೆಯ ಮಾತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು ಹೆಚ್ಚುಕಮ್ಮಿ ಅಲ್ಲೇ ಕಟ್ಟಿಹಾಕಿತು. ಇರಾನಿ ಹೋಟೆಲುಗಳ ಬನ್ ಮಸ್ಕಾ, ಉಡುಪಿಯವರ ರೈಸ್ ಪ್ಲೇಟು ದಶಕಗಳ ಕಾಲ ಕೈಗೆಟಕುವಂತಿದ್ದುದರಲ್ಲಿ ಈ ಕಾಯಿದೆಯ ಪಾಲು ದೊಡ್ಡದು. ಆ ಅಗ್ಗದ ಬೆಲೆ ತೆತ್ತವರು ಕಟ್ಟಡದ ಮಾಲೀಕರು; ರಿಪೇರಿ ಕಾಣದ ಆ ಕಟ್ಟಡಗಳೂ.

ಬೆಲೆ ನಿಯಂತ್ರಣ ಮತ್ತು ಅಗ್ಗದ ಕ್ಯಾಂಟೀನು

ಸರ್ಕಾರ ಊಟವನ್ನು ಅಗ್ಗ ಮಾಡಲು ಎರಡು ದಾರಿ ಹಿಡಿದಿದೆ. ಮೊದಲನೆಯದು ತಾನೇ ನಷ್ಟ ಹೊರುವುದು. ಫ್ರಾನ್ಸಿನಲ್ಲಿ ವಿದ್ಯಾರ್ಥಿವೇತನ ಪಡೆಯುವವರಿಗೆ 2020ರಿಂದ ವಿಶ್ವವಿದ್ಯಾಲಯದ ಊಟ ಒಂದು ಯೂರೊ. ಇಸ್ತಾಂಬುಲ್ ನಗರಸಭೆ 2022ರಿಂದ ತನ್ನದೇ ಅಗ್ಗದ ಊಟದ ಮನೆಗಳನ್ನು ನಡೆಸುತ್ತಿದೆ. ಚೆನ್ನೈಯ ಅಮ್ಮ ಉಣವಗಂ 2013ರಲ್ಲಿ ಒಂದು ರೂಪಾಯಿಗೆ ಇಡ್ಲಿ, ಐದಕ್ಕೆ ಸಾಂಬಾರ್ ಅನ್ನ ಕೊಟ್ಟಿತು. ಬೆಂಗಳೂರಿನ ಇಂದಿರಾ ಕ್ಯಾಂಟೀನು 2017ರ ಆಗಸ್ಟಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟದೊಂದಿಗೆ ಶುರುವಾಯಿತು. ಇವು ನಡೆಯುವುದು ಬಜೆಟ್ಟಿನಲ್ಲಿ ದುಡ್ಡು ಇರುವವರೆಗೆ, ಆಳುವವರಿಗೆ ಮನಸ್ಸಿರುವವರೆಗೆ. ಸರ್ಕಾರದ ಹಂಗಿಲ್ಲದೆ ಅಗ್ಗ ಸಾಧಿಸಿದ್ದು ದರ್ಶಿನಿ: ಜಯನಗರದಲ್ಲಿ 1983ರಲ್ಲಿ ಮೊದಲಾದ ಈ ಬಗೆಯಲ್ಲಿ ಕುರ್ಚಿ, ಮಾಣಿ ಎರಡನ್ನೂ ತೆಗೆದುಹಾಕಿ ಆ ಉಳಿತಾಯವನ್ನು ಇಡ್ಲಿ–ವಡೆಯ ದರದಲ್ಲಿ ಬಿಟ್ಟುಕೊಟ್ಟರು.

ಎರಡನೆಯ ದಾರಿ, ಇಷ್ಟೇ ದರಕ್ಕೆ ಮಾರಬೇಕೆಂದು ಹೋಟೆಲಿನವರಿಗೆ ಅಪ್ಪಣೆ ಮಾಡುವುದು. ಇದು ಒಳ್ಳೆಯ ಹೋಟೆಲುಗಳನ್ನು ಮೊದಲು ಹೊಡೆಯುತ್ತದೆ, ಏಕೆಂದರೆ ಗುಣ ಇಳಿಸಿ ದರ ಹೊಂದಿಸುವುದು ಕೆಟ್ಟ ಹೋಟೆಲಿಗೆ ಸುಲಭ. ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ಇದಕ್ಕೆ ಕಣ್ಣೆದುರಿನ ಸಾಕ್ಷಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ದರ ಬಲವಂತವಾಗಿ ಇಳಿದಾಗ, ತುಪ್ಪ, ಕಾಫಿಪುಡಿಗಳ ಗುಣ ತಗ್ಗಿಸಲು ಒಪ್ಪದ ಎಂಟಿಆರ್ ಬಾಗಿಲು ಮುಚ್ಚಿ, ಇಡ್ಲಿ ಮಿಕ್ಸು, ಸಾಂಬಾರ್ ಪುಡಿಗಳ ವ್ಯಾಪಾರಕ್ಕೆ ಇಳಿಯಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮತ್ತೆ ತೆರೆದದ್ದು 1984ರಲ್ಲಿ. ಪುಡಿಗಳ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲು ಅದನ್ನು ಸ್ಥಾಪಿಸಿದ ಮಯ್ಯರ ಕುಟುಂಬದಲ್ಲೇ ಉಳಿದು 2013ರಲ್ಲಿ ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಶಾಖೆ ತೆರೆಯಿತು.